ಮೂರನೇ ಕ್ರಾಸಿಗೆ ನೀರು ಬಾರದ ಬೆಳಿಗ್ಗೆ

ಅಜ್ಜಿಯ ಬಲ ಅಂಗೈಗೆ ಅಡ್ಡಲಾಗಿ ಒಂದು ಕಪ್ಪು ಗೆರೆಯಿತ್ತು. ಜ್ಯೋತಿಷಿಗಳು ಓದುವಂಥ ಗೆರೆಯಲ್ಲ. ಕಬ್ಬಿಣದ ರಾಡು ಹಿಡಿದು ಹಿಡಿದು ಚರ್ಮ ಜಡ್ಡುಗಟ್ಟಿ ಆದದ್ದು. ಬಳೆ ರಾಡಿಗೆ ತಾಗಿ ಸವೆಯುತ್ತದೆಂದು ಬಲಗೈಯ ಚಿನ್ನವನ್ನೂ ಎಡಗೈಗೇ ಏರಿಸಿಕೊಂಡಿದ್ದರು. ಸೀರೆಯ ಮೇಲೆ ಗಂಡಸರ ಸ್ವೆಟರ್, ತಲೆಗೆ ಮಂಕಿ ಕ್ಯಾಪ್, ಕೈಯಲ್ಲಿ ನೀರಿನ ವಾಲ್ವ್ ತಿರುಗಿಸುವ ಭುಜದೆತ್ತರದ ರಾಡು. ನಸುಕಿನಲ್ಲಿ ಹೊಸಬರು ಯಾರಾದರೂ ಕಂಡರೆ, ಯಾವುದೋ ದಿವಾಳಿಯಾದ ಸಾಮ್ರಾಜ್ಯ ಶೆಟ್ಟಿಹಳ್ಳಿಯನ್ನು ಕಾಯಲು ತನ್ನ ಕೊನೆಯ ಸೈನಿಕನನ್ನು ಕಳುಹಿಸಿದೆ ಎಂದುಕೊಳ್ಳಬೇಕು.

ಅಜ್ಜಿ ದಿವಾಳಿಯೇನೂ ಆಗಿರಲಿಲ್ಲ. ಬಾಡಿಗೆಗೆ ಕೊಟ್ಟ ಮೂರು ಕಟ್ಟಡಗಳಿದ್ದವು. ನಮ್ಮ ಬಡಾವಣೆ ಎದ್ದಿರುವುದೇ ಅವರ ಕೊತ್ತಂಬರಿ ಸೊಪ್ಪಿನ ಹೊಲದ ಮೇಲೆ. ಹೊಲ ಮಾರಿದರೂ ಬೋರ್‌ವೆಲ್ ಇದ್ದ ಮೂಲೆಯನ್ನು ಮಾತ್ರ ಮಾರಲಿಲ್ಲ. ಬಡಾವಣೆಗೆ ನೀರು ಕೊಡುತ್ತೇನೆ, ಆದರೆ ವಾಲ್ವ್ ತಿರುಗಿಸುವವಳು ನಾನೇ ಎಂಬುದು ಅವರ ಷರತ್ತು. ಹಿಂದೆ ಸೊಪ್ಪಿನ ಮಡಿಗಳಿಗೆ ಒಂದೊಂದಾಗಿ ನೀರು ಕಟ್ಟುತ್ತಿದ್ದವರು ಈಗ ಕ್ರಾಸುಗಳಿಗೆ ಕಟ್ಟುತ್ತಿದ್ದರು. "ಮೊದಲ್ನೇ ಮಡಿ ತುಂಬ್ತು" ಎಂದು ತಮಗೆ ತಾವೇ ಹೇಳಿಕೊಂಡು ಎರಡನೇ ಕ್ರಾಸಿನತ್ತ ನಡೆಯುತ್ತಿದ್ದರು. ಬಡಾವಣೆ ಸಂಘದಲ್ಲಿ ಅಧ್ಯಕ್ಷರು ಬಂದರು, ಹೋದರು. ಕಾರ್ಯದರ್ಶಿಯಾಗಿ ನಾನು, ಬೇರೆ ಯಾರೂ ಒಪ್ಪದ ಕಾರಣ, ಸರ್ವಾನುಮತದಿಂದ ಮುಂದುವರಿದೆ. ರಾಡು ಮಾತ್ರ ಅಜ್ಜಿಯ ಕೈಯಿಂದ ಕದಲಲಿಲ್ಲ.

ಖಾಲಿ ಸೈಟುಗಳ ಹಿಂದೆ ಹುಡುಗರು ಗಾಂಜಾ ಸೇದುತ್ತಾರೆ, ಏನೇನೋ ಮಾತ್ರೆ ನುಂಗುತ್ತಾರೆ ಎಂಬ ದೂರು ಬಂದಾಗ ಸಂಘ ಕೈಕಟ್ಟಿ ಕೂರಲಿಲ್ಲ. ಕೂಡಲೇ ಉಪಸಮಿತಿ ರಚಿಸಿತು. ಉಪಸಮಿತಿ ಕೂಡಲೇ ಫ್ಲೆಕ್ಸ್ ಹಾಕಿಸಿತು. 'ವ್ಯಸನಮುಕ್ತ ಬಡಾವಣೆ' ಎಂಬ ಅಕ್ಷರಗಳಿಗಿಂತ ಪದಾಧಿಕಾರಿಗಳ ಮುಖಗಳು ದೊಡ್ಡದಾಗಿದ್ದವು. ನನ್ನ ಮುಖವೂ ಇತ್ತು, ಕೈ ಮುಗಿದಿತ್ತು. ತಿಂಗಳೊಳಗೆ ಹುಡುಗರು ಅದೇ ಫ್ಲೆಕ್ಸಿನ ನೆರಳಿನಲ್ಲಿ ಕೂತು ಸೇದತೊಡಗಿದರು. ಬೇಸಿಗೆಯಲ್ಲಿ ಅದಕ್ಕಿಂತ ಒಳ್ಳೆಯ ನೆರಳು ಅಲ್ಲಿ ಬೇರೆ ಇರಲಿಲ್ಲ.

ಮುಂದಿನ ಸಭೆಗೆ ಅಜ್ಜಿ ಬಂದರು. ಬೋಂಡ ಮುಟ್ಟಲಿಲ್ಲ.

"ಆ ಫ್ಲೆಕ್ಸ್ ಕೆಳ್ಗೆ ಕೂರೋ ದೊಡ್ಡ ಮನೆ ಉಡ್ಗ ಇದಾನಲ್ಲ, ಬೆಳಿಗ್ಗೆ ಎದ್ರೆ ಅವನ್ಗೋಸ್ಕರ ಕಾಯೋರು ಯಾರಿದಾರೆ?" ಎಂದು ಕೇಳಿದರು.

ಪ್ರಶ್ನೆ ಕಾರ್ಯಸೂಚಿಯಲ್ಲಿ ಇರಲಿಲ್ಲವಾದ್ದರಿಂದ ಯಾರೂ ಉತ್ತರಿಸಲಿಲ್ಲ.

"ನಾಳೆಯಿಂದ ಮೊದಲ್ನೇ ಕ್ರಾಸ್ ವಾಲು ಅವನು ತಿರುಗಿಸ್ಲಿ."

ಖಜಾಂಚಿಗಳು ಗಾಬರಿಯಾದರು. "ಅಜ್ಜಿ, ಅವ್ನು ಆ ರಾಡನ್ನೇ ಗುಜರಿಗೆ ಹಾಕ್ಬಿಟ್ರೆ?"

"ಆಕ್ಲಿ. ರಾಡು ಇನ್ನೊಂದು ಮಾಡಿಸ್ತೀನಿ. ಆ ಉಡ್ಗನ್ನ ಇನ್ನೊಂದು ಮಾಡಿಸಕ್ಕಾಯ್ತದಾ?"

ಹೀಗೆ ವೆಲ್ಡಿಂಗ್ ಅಂಗಡಿಯಲ್ಲಿ ಕ್ರಾಸಿಗೊಂದು ರಾಡು ತಯಾರಾಯಿತು. ಟ್ಯಾಂಕಿನ ಬುಡದ ಮೇನ್ ವಾಲ್ವನ್ನು ಅಜ್ಜಿ ತಮಗೇ ಇಟ್ಟುಕೊಂಡು, ಉಳಿದವನ್ನು ಬಡಾವಣೆ ಕೈಬಿಟ್ಟಿದ್ದ ಮಕ್ಕಳಿಗೆ ಹಂಚಿದರು. ಮೊದಲ ದಿನಗಳಲ್ಲಿ ನೀರು ಇಷ್ಟಬಂದಾಗ ಬಂತು. ಹೆಂಗಸರು ಬೈದರು. ಆಗ ಅಜ್ಜಿ ಮನೆಮನೆಗೆ ಹೋಗಿ ಒಂದು ಕಾನೂನು ಸಾರಿದರು: "ನೀರು ಬರ್ಲಿಲ್ಲ ಅಂದ್ರೆ ಫೋನ್ ಮಾಡ್ಬ್ಯಾಡಿ, ಬೈಬ್ಯಾಡಿ. ಸೀದಾ ಓಗಿ ಆ ಮಗು ಮನೆ ಬಾಗ್ಲು ಬಡೀರಿ. ಮುಖ ನೋಡ್ಕೊಂಡು ಬನ್ನಿ." ಸಂಘದ ಯಾವ ನಿರ್ಣಯಕ್ಕೂ ಸಿಗದ ವಿಧೇಯತೆ ಇದಕ್ಕೆ ಸಿಕ್ಕಿತು.

ಇದನ್ನೆಲ್ಲ ನಾನು ಬೇರೆಯವರ ಮಕ್ಕಳ ವಿಷಯವೆಂದು ನಗುತ್ತ ನೋಡುತ್ತಿದ್ದೆ. ಆ ಹೊತ್ತಿಗೆ ನನ್ನ ಮಗಳು ಕಾಲೇಜಿಗೆ ಹೋಗುವುದನ್ನು ಬಿಟ್ಟಿದ್ದಳು. ಗೆಳತಿಯೊಬ್ಬಳು ನಿದ್ದೆಗೆಂದು ಕೊಟ್ಟ ಮಾತ್ರೆ ಹಗಲಿಗೂ ಬೇಕಾಗತೊಡಗಿತ್ತು. ಕೋಣೆಯ ಪರದೆ ಸರಿಸಿದರೆ ಅಳುತ್ತಿದ್ದಳು. ಕೇಳಿದವರಿಗೆಲ್ಲ ನಾವು "ಪರೀಕ್ಷೆಗೆ ಓದ್ತಿದಾಳೆ" ಎನ್ನುತ್ತಿದ್ದೆವು. ಯಾವ ವಿಶ್ವವಿದ್ಯಾಲಯವೂ ಅಷ್ಟು ಉದ್ದದ ಪರೀಕ್ಷೆ ನಡೆಸಿರಲಾರದು.

ಒಂದು ಸಂಜೆ ಅಜ್ಜಿ ರಾಡು ಹಿಡಿದು ನಮ್ಮ ಮನೆಗೆ ಬಂದವರೇ ನನ್ನನ್ನು ದಾಟಿ ಕೋಣೆಗೆ ನುಗ್ಗಿದರು. ಬಾಗಿಲ ಹೊರಗೆ ನಿಂತು ನಾನು ಕೇಳಿಸಿಕೊಂಡೆ.

"ಮೂರ್ನೇ ಕ್ರಾಸು ನಿಂದು."

"ಅಜ್ಜಿ, ನಂಗೆ ಬೆಳಿಗ್ಗೆ ಏಳೋಕೇ ಆಗಲ್ಲ."

"ನಿಂತ್ಕೊಂಡೇ ನಿದ್ದೆ ಮಾಡು, ಯಾರ್ ಬ್ಯಾಡ ಅಂದ್ರು? ಕೈ ವಾಲು ತಿರುಗಿಸ್ತಾ ಇರ್ಲಿ."

ಹೊರಗೆ ಬಂದು ನನಗೆ ಹೇಳಿದರು: "ಸೆಕ್ರೆಟ್ರಪ್ಪ, ನಾಳೆನೇ ಮನಸ್ಸಿನ ಡಾಕ್ಟ್ರತ್ರ ಕರ್ಕೊಂಡೋಗು. ಔಷ್ದಿ ಅವರು ಕೊಡ್ಲಿ. ನಾನು ಕೊಡೋದು ಕೆಲಸ ಅಷ್ಟೇಯ."

ಎರಡೂ ನಡೆದವು. ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ನನ್ನ ಹೆಂಡತಿ ಬೀಗ ಹಾಕಿಟ್ಟು ದಿನದ್ದು ದಿನಕ್ಕೆ ಕೊಟ್ಟಳು. ನಸುಕಿನಲ್ಲಿ ಗೇಟಿನ ಸದ್ದು, ಆಮೇಲೆ ವಾಲ್ವ್ ಗುಂಡಿಯ ಕಬ್ಬಿಣದ ಮುಚ್ಚಳ ಎಳೆಯುವ ಸದ್ದು. ಸ್ವಲ್ಪ ಹೊತ್ತಿಗೆ ಬಚ್ಚಲಿನ ನಲ್ಲಿ ಎರಡು ಸಲ ಕೆಮ್ಮಿ ಗಾಳಿ ಉಗುಳಿ ನೀರು ಬಿಡುತ್ತಿತ್ತು. ಮಗಳು ಚಹಾ ಕುಡಿಯಲು ನಮ್ಮೊಂದಿಗೆ ಕೂರತೊಡಗಿದಳು. ಎದುರುಮನೆಯ ಆಪಾ ರಾತ್ರಿ ಹಳಸದಂತೆ ಎತ್ತಿಟ್ಟ ಬಿರಿಯಾನಿಯನ್ನು "ನೀರು ಬಿಡೋ ಮೇಡಂಗೆ" ಎಂದು ಕೊಟ್ಟುಹೋಗುತ್ತಿದ್ದರು. ಎಲ್ಲ ಸರಿಹೋಯಿತೆಂದು ನಾನು ತೀರ್ಮಾನಿಸಿದೆ. ತೀರ್ಮಾನಿಸುವುದು ಕಾರ್ಯದರ್ಶಿಗಳ ಸ್ವಭಾವ.

ಆಮೇಲೆ ಒಂದು ಬೆಳಿಗ್ಗೆ ನಲ್ಲಿ ಕೆಮ್ಮಲಿಲ್ಲ.

ನಾನು ಎಚ್ಚರವಾಗಿಯೇ ಇದ್ದೆ. ಹೆಂಡತಿ ಎದ್ದು ಮಗಳ ಕೋಣೆಯ ಕಡೆ ಹೊರಟಾಗ "ಮಲಗ್ಲಿ ಬಿಡೇ, ಪಾಪ, ಒಂದಿನ" ಎಂದೆ. ಪ್ರೀತಿಯಿಂದಲೇ ಎಂದೆ. ಅಷ್ಟರಲ್ಲಿ ಗೇಟಿನ ಬಳಿ ಸದ್ದಾಯಿತು. ಮೂರನೇ ಕ್ರಾಸಿನ ಹೆಂಗಸರು ನಿಂತಿದ್ದರು. ಮುಂದೆ ಆಪಾ, ಪಕ್ಕದಲ್ಲಿ ಮೊದಲನೇ ಕ್ರಾಸಿನ ಹುಡುಗ, ಹಿಂದಿನಿಂದ ಏದುಸಿರು ಬಿಡುತ್ತ ಅಜ್ಜಿ. ನಾನು ಪಂಚೆ ಸರಿಮಾಡಿಕೊಂಡು, ಕಂಠ ಶುದ್ಧಿ ಮಾಡಿಕೊಂಡು, "ಇವತ್ತು ನೀರು ಸ್ವಲ್ಪ ತಡವಾಗುತ್ತೆ, ನಿವಾಸಿಗಳು ದಯವಿಟ್ಟು ಸಹಕರಿಸಬೇಕು" ಎಂದು ಆರಂಭಿಸಿದೆ.

"ನೀರು ಯಾವನಿಗೆ ಬೇಕಾಗೈತೆ?" ಎಂದರು ಅಜ್ಜಿ. "ಮಗೂನ ತೋರ್ಸು."

"ಮಲಗಿದಾಳೆ ಅಜ್ಜಿ."

"ತೋರ್ಸು."

ಕೋಣೆಗೆ ಒಳಗಿನಿಂದ ಚಿಲಕ ಹಾಕಿತ್ತು. ಕೂಗಿದೆವು. ಆಪಾ ಬಡಿದರು. ನನ್ನ ಹೆಂಡತಿ ಬಡಿದಳು. ಒಳಗೆ ಫ್ಯಾನ್ ತಿರುಗುವುದು ಕೇಳುತ್ತಿತ್ತು, ಬೇರೇನೂ ಕೇಳಲಿಲ್ಲ. ಗೇಟಿಗೆ ಒರಗಿಸಿದ್ದ ರಾಡನ್ನು ಹುಡುಗ ತಂದ. ಸಂಘ ಯಾರ ಮುಖ ಕಂಡರೆ ಸಿಡುಕುತ್ತಿತ್ತೋ ಆ ಹುಡುಗ ರಾಡನ್ನು ಬಾಗಿಲ ಸಂದಿಗೆ ತುರುಕಿ, "ಅಂಕಲ್, ಸೈಡಿಗೆ ಬನ್ನಿ" ಎಂದು ಮೈಭಾರ ಹಾಕಿ ಮೀಟಿದ. ಚಿಲಕ ಕಿತ್ತುಬಂತು.

ಅವಳ ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ನುಂಗಿದ್ದು ಬೀಗ ಹಾಕಿಟ್ಟ ಮಾತ್ರೆಗಳನ್ನಲ್ಲ, ಬೇರೆಲ್ಲಿಂದಲೋ ತರಿಸಿಕೊಂಡವನ್ನು. ಆಪಾ ಎದೆಗೆ ಕಿವಿಯಿಟ್ಟು, "ಉಸಿರಿದೆ. ಗಾಡಿ ತೆಗೀರಿ!" ಎಂದು ಕಿರುಚಿದರು. ನನಗೆ ಕಾರಿನ ಕೀ ಸಿಗಲಿಲ್ಲ. ಅದು ಎಂದಿನ ಮೊಳೆಯಲ್ಲೇ ತೂಗುತ್ತಿತ್ತು; ಹುಡುಗ ತೆಗೆದುಕೊಟ್ಟ.

ಹಿಂದಿನ ಸೀಟಿನಲ್ಲಿ ಅಜ್ಜಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆನ್ನೆ ತಟ್ಟುತ್ತಲೇ ಇದ್ದರು. "ಮೂರ್ನೇ ಮಡಿ ಒಣಗ್ತಾ ಐತೆ ಕಣವ್ವಾ. ಏಳು. ಯಾರವ್ವಾ ನೀರು ಕಟ್ತಾರೆ? ಏಳು." ಜಾಲಹಳ್ಳಿಯ ಸಿಗ್ನಲ್ ಕೆಂಪಾಗಿತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ನನ್ನ ಕಾಲು ಅಭ್ಯಾಸಬಲದಿಂದ ಬ್ರೇಕ್ ಒತ್ತಿತು. ಅಜ್ಜಿ ಹಿಂದಿನಿಂದ ನನ್ನ ಸೀಟಿಗೆ ಒದ್ದರು. "ಓಡ್ಸೋ!"

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಒಯ್ದ ಮೇಲೆ ಎಳೆಯ ಡಾಕ್ಟರೊಬ್ಬರು ಬಂದು, "ಯಾವಾಗ ಗೊತ್ತಾಯ್ತು? ಹೇಗೆ ಗೊತ್ತಾಯ್ತು?" ಎಂದು ಕೇಳಿದರು.

"ನೀರು ಬರ್ಲಿಲ್ಲ ಡಾಕ್ಟ್ರೇ" ಎಂದೆ.

ಅವರು ನನ್ನನ್ನೂ ಪರೀಕ್ಷಿಸಬೇಕೇನೋ ಎಂಬಂತೆ ನೋಡಿದರು.

ಬೆಂಚಿನ ಮೇಲೆ ಅಜ್ಜಿ ಕಾಲು ಮಡಚಿ ಕೂತಿದ್ದರು. ಅವರಿಗೊಬ್ಬ ಮಗನಿದ್ದನೆಂದು ನನಗೆ ಗೊತ್ತಾದದ್ದು ಆ ಹೊತ್ತಿನಲ್ಲಿ. ಹೊಲ ಮಾರಿದ ಮೇಲೆ ಕುಡಿತಕ್ಕೆ ಬಿದ್ದವನಂತೆ. "ಅವನ್ಗೆ ಬೈಕು ಕೊಟ್ಟೆ, ಮನೆ ಕೊಟ್ಟೆ. ಕೆಲಸ ಒಂದು ಕೊಡ್ನಿಲ್ಲ. ಅವನು ಎದ್ದಿಲ್ಲ ಅಂತ ಮಧ್ಯಾಹ್ನ ಊಟದ ಒತ್ತಿನವರ್ಗೂ ಯಾರ್ಗೂ ಗೊತ್ತಾಗ್ನಿಲ್ಲ ಸೆಕ್ರೆಟ್ರಪ್ಪ. ಅವನು ಎದ್ರೆ ಯಾರ್ಗೆ ಏನಾಗ್ಬೇಕಿತ್ತು, ಅಲ್ವಾ?" ಆಮೇಲೆ ಮಂಕಿ ಕ್ಯಾಪನ್ನು ಕಣ್ಣಿನವರೆಗೂ ಎಳೆದುಕೊಂಡರು. ನರ್ಸ್ ಬಾಗಿಲು ತೆರೆದು "ಕಣ್ಣು ಬಿಟ್ಲು" ಎಂದ ಮೇಲೆಯೇ ಅದನ್ನು ಮೇಲಕ್ಕೆ ಸರಿಸಿದ್ದು.

ಮಗಳು ಮನೆಗೆ ಬಂದ ದಿನ ಅಜ್ಜಿ ಏಕೆ, ಏನು ಎಂದು ಕೇಳಲಿಲ್ಲ. "ಆವತ್ತು ಮೂರ್ನೇ ಕ್ರಾಸ್ನೋರು ಸ್ನಾನ ಮಾಡ್ಲಿಲ್ಲ. ಮೈಗೆ ಸರಿಯಾದ ಮೇಲೆ ಒಂದಿನ ಜಾಸ್ತಿ ಒತ್ತು ನೀರು ಬಿಡು" ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಮೊದಲ ಸಲ ನಕ್ಕದ್ದು ಆಗಲೇ. ಕತೆ ಅಲ್ಲಿಗೇ ಮುಗಿಯಲಿಲ್ಲ. ಡಾಕ್ಟರ ಬಳಿ ಹೋಗಿಬರುವುದು ಇನ್ನೂ ಇದೆ, ಕೆಟ್ಟ ದಿನಗಳೂ ಇವೆ. ಅಂಥ ದಿನ ಹೆಂಗಸರು ಬಂದು ಬಾಗಿಲು ಬಡಿದು, ಮುಖ ನೋಡಿ, ಅವಳ ಜೊತೆ ತಾವೂ ರಾಡು ಹಿಡಿಯುತ್ತಾರೆ. ಆ ಕೋಣೆಗೆ ಚಿಲಕ ಮತ್ತೆ ಹಾಕಿಸಿಲ್ಲ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಯಾವ ಕ್ರಾಸಿಗೂ ನೀರು ಬರಲಿಲ್ಲ. ಮಕ್ಕಳೆಲ್ಲ ತಮ್ಮ ತಮ್ಮ ವಾಲ್ವ್ ತಿರುಗಿಸಿ, ಒಣ ಗುಂಡಿಯ ಬಳಿ ಒಂದು ಕ್ಷಣ ನಿಂತರು. ಮೇನ್ ವಾಲ್ವ್ ಯಾರ ಕೈಯಲ್ಲಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು. ಯಾರೂ ಫೋನ್ ಮಾಡಲಿಲ್ಲ. ಸೀದಾ ಹೋಗಿ ಬಾಗಿಲು ಬಡಿದರು. ಎಲ್ಲರಿಗಿಂತ ಮುಂದೆ ಓಡಿದವಳು ನನ್ನ ಮಗಳು. ಅಜ್ಜಿ ನಿದ್ದೆಯಲ್ಲೇ ಹೋಗಿದ್ದರು. ಸ್ವೆಟರ್ ಮಡಚಿ ತಲೆದಿಂಬಿನ ಪಕ್ಕದಲ್ಲಿತ್ತು, ರಾಡು ಮಂಚಕ್ಕೆ ಒರಗಿತ್ತು. ಇಡೀ ಬಡಾವಣೆ ಸ್ನಾನವಿಲ್ಲದೆ ಅವರ ಅಂಗಳದಲ್ಲಿ ನಿಂತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಮಗಳು ಒಳಗೆ ಹೋಗಿ ಆ ರಾಡು ತೆಗೆದುಕೊಂಡು ಬಂದಳು. "ಅಜ್ಜಿಗೆ ಸ್ನಾನ ಮಾಡಿಸ್ಬೇಕಲ್ಲ" ಎಂದಷ್ಟೇ ಹೇಳಿ ಟ್ಯಾಂಕಿನ ಕಡೆ ನಡೆದಳು.

ಈಗ ಮೇನ್ ವಾಲ್ವ್ ಅವಳದು. ಅಲಾರಂ ಅವಳಿಗಿದೆ, ನನಗೆ ಬೇಕಾಗಿಲ್ಲ. ಅದಕ್ಕಿಂತ ಮೊದಲೇ ಎಚ್ಚರವಾಗಿ ಕತ್ತಲಲ್ಲಿ ಕಿವಿಗೊಟ್ಟು ಮಲಗಿರುತ್ತೇನೆ. ಗೇಟು ಸದ್ದಾಗುತ್ತದೆ. ಆಮೇಲೆ ಏನೂ ಕೇಳುವುದಿಲ್ಲ, ಟ್ಯಾಂಕು ದೂರ. ಬಚ್ಚಲಿನ ನಲ್ಲಿ ಒಂದು ಸಲ ಕೆಮ್ಮುತ್ತದೆ. ಇನ್ನೊಂದು ಸಲ ಕೆಮ್ಮಿದ ಮೇಲೆ ನಾನು ಉಸಿರು ಬಿಡುತ್ತೇನೆ.