ಎದುರುಮನೆ ಅಕ್ಕ ಕೇಳಿದ ಒಂದು ಮಧ್ಯಾಹ್ನ

ನಿನ್ನೆ ಬಾಣಾವರದ ನೆಂಟರ ಮನೆಯಲ್ಲಿ, ಅಟ್ಟದಲ್ಲಿ ಒಣಗಿದ ತೆಂಗಿನಕಾಯನ್ನು ಯಾರೋ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಚಿಪ್ಪು ಬಿಟ್ಟ ಕೊಬ್ಬರಿ ಗಿಟುಕು ಒಳಗೆ ಲೊಡಲೊಡ ಎಂದಿತು. ಅರಸೀಕೆರೆಯ ನಮ್ಮ ಎದುರುಮನೆ ಅಕ್ಕ ನೆನಪಾದರು...

ಅಕ್ಕನ ಮಾವನವರು ಕೊಬ್ಬರಿ ವ್ಯಾಪಾರಿ. ಮಂಡಿಯಲ್ಲಿ ಅವರ ಮಾತೆಂದರೆ ಮಾತು. ವಯಸ್ಸಾದ ಮೇಲೆ ಅವರಿಗೆ ಮರೆವು ಹತ್ತಿತು. ಉಂಡು ಕೈತೊಳೆದವರು ಮತ್ತೆ ಊಟಕ್ಕೆ ಕೂರುತ್ತಿದ್ದರು. ಬಾಗಿಲು ತೆರೆದಿದ್ದರೆ ಸ್ಟೇಷನ್ ಕಡೆ ನಡೆದೇಬಿಡುತ್ತಿದ್ದರು. ಗಂಡ ಬೆಳಗಾದರೆ ಮಂಡಿಗೆ. ದಿನವಿಡೀ ಮಾವನ ಬೆನ್ನಹಿಂದೆ ಇರುತ್ತಿದ್ದದ್ದು ಅಕ್ಕ ಒಬ್ಬರೇ. ಬೇಲೂರಿನ ತವರಿಗೆ ಹೋಗಿ ನಾಲ್ಕು ವರ್ಷವಾಯಿತೆಂದು ನಗುತ್ತಲೇ ಹೇಳುತ್ತಿದ್ದರು.

ನಾನು ಆಶಾ ಕಾರ್ಯಕರ್ತೆ. ಮರೆವಿನ ಕಾಯಿಲೆಯವರನ್ನು ಗುರುತಿಸುವ ಸರ್ಕಾರದ ಸಮೀಕ್ಷೆ ಬಂದಾಗ ಫಾರಂ ಹಿಡಿದು ಅವರ ಮನೆಗೂ ಹೋದೆ. ಇವತ್ತು ಯಾವ ವಾರ ಎಂದು ಮಾವನವರನ್ನು ಕೇಳಿದರೆ ಅಕ್ಕನೇ, "ಸೋಮವಾರ ಅಲ್ವಾ ಮಾವ" ಎಂದರು. ಅಂಥ ಹಿರಿಯರನ್ನು ಸೊಸೆಯ ಎದುರು ಪರೀಕ್ಷೆ ಮಾಡಲು ನನಗೂ ಸಂಕೋಚ. ಅಷ್ಟರಲ್ಲಿ ಅವರು ಮೂಲೆಯಲ್ಲಿದ್ದ ಕಾಯೊಂದನ್ನು ಅಲ್ಲಾಡಿಸಿ, "ಇದಿನ್ನೂ ಗಿಟುಕಾಗಿಲ್ಲ, ಎರಡು ತಿಂಗ್ಳು ಬೇಕು" ಎಂದರು. ಇಷ್ಟು ಬಲ್ಲವರಿಗೆ ಎಂಥ ಮರೆವು ಅನಿಸಿತು ನನ್ನ ದಡ್ಡ ತಲೆಗೆ. ಅಕ್ಕ ಬಾಗಿಲವರೆಗೆ ಬಂದು, "ಐತೆ ಅಂತ ಬರೀಬ್ಯಾಡ ಕಣೇ. ಮಂಡೀಲಿ ಗೊತ್ತಾದ್ರೆ ಮಾವನೋರ ಮರ್ಯಾದೆ ಏನಾಗ್ಬೇಕು?" ಎಂದರು. ನಾನು 'ಇಲ್ಲ' ಎಂದು ಗುರುತು ಹಾಕಿದೆ.

'ಇದೆ' ಎಂದು ಗುರುತಾಗಿ ಪಟ್ಟಿ ಸೇರಿದ ಮನೆಗಳಿಗೆ ಆಮೇಲೆ ನರ್ಸ್ ಬರತೊಡಗಿದರು. ವಾರಕ್ಕೊಂದು ಮಧ್ಯಾಹ್ನ ಅವರು ರೋಗಿಯ ಹತ್ತಿರ ಕೂತರೆ ಮನೆಯವರಿಗೆ ಅಷ್ಟು ಹೊತ್ತು ಬಿಡುವು. ಒಂದು ದಿನ ಅಕ್ಕ ನನ್ನನ್ನು ನಿಲ್ಲಿಸಿ, "ನಮ್ಮನೆಗೂ ಕಳ್ಸೋಕಾಗುತ್ತೇನೇ? ಎದೆ ಹಿಡ್ಕಂಡಂಗಾಗ್ತೈತೆ. ಡಾಕ್ಟ್ರತ್ರ ಹೋಗ್ಬರೋಕೆ ಒಂದು ಮಧ್ಯಾಹ್ನ ಸಿಕ್ರೆ ಸಾಕು" ಎಂದರು.

ಮುಂದಿನ ಪಟ್ಟಿಗೆ ಸೇರಿಸುತ್ತೇನೆ ಎಂದೆ. ಒಂದು ಮಧ್ಯಾಹ್ನ ನಾನೇ ಹೋಗಿ ಕೂರಬಹುದಿತ್ತು. ಅದ್ಯಾಕೆ ಹೊಳೆಯಲಿಲ್ಲವೋ... ಆ ಪಟ್ಟಿ ಬರುವ ಮೊದಲೇ ಅಕ್ಕ ಅಡುಗೆಮನೆಯಲ್ಲಿ ಕುಸಿದುಬಿದ್ದು ತೀರಿಹೋದರು. ಆ ಸಂಕಟ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಇವತ್ತು ಬೆಳಿಗ್ಗೆ ಹೊಸ ಫಾರಂ ಹಿಡಿದು ಅದೇ ಮನೆಗೆ ಹೋದೆ. ಈ ಸಲ ನೋಡಿಕೊಳ್ಳುವವರ ಹೆಸರಿಗೂ, ಅವರ ಆರೋಗ್ಯಕ್ಕೂ ಜಾಗವಿದೆ. ಮರೆವು 'ಇದೆ' ಎಂದು ಬರೆದೆ. ನೋಡಿಕೊಳ್ಳುವವರು ಯಾರು ಎಂದು ಕೇಳಿದೆ. ಅಕ್ಕನ ಗಂಡ ಬಾಯಿ ತೆರೆಯುವ ಮೊದಲೇ ಮಾವನವರು ಅಡುಗೆಮನೆಯತ್ತ ತಿರುಗಿ ಕೂಗಿದರು.

"ಬಾರವ್ವ, ಯಾರೋ ಬಂದವ್ರೆ. ನಿನ್ನೇ ಕೇಳ್ತಾವ್ರೆ."