ನದಿಗೆ ಬಾಗಿಲು ತೆರೆದಿಡುವ ಊರು

"ನದಿ ಹೊಸ್ತಿಲಿಗೆ ಬಂದಾಗ ಬಾಗಿಲು ಹಾಕ್ಕೋಬಾರದು ಕಣ್ರೇ. ಮುಂದಿನದು ಹಿಂದಿನದು ಎರಡೂ ತೆಗೆದಿಟ್ಟು ಗುಡ್ಡ ಹತ್ತಿಬಿಡಿ. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತೆ, ಆಮೇಲೆ ಕೆಸರು ಬಳ್ಕೊಂಡ್ರಾಯ್ತು. ತಡೆದ್ರೆ ಮನೇನೇ ಎತ್ಕೊಂಡು ಹೋಗುತ್ತೆ."

ಮಿಸಿಸಿಪ್ಪಿ ದಂಡೆಯ ಆ ಪುಟ್ಟ ಊರಿನಲ್ಲಿ ವರ್ನಾ ಪ್ರತಿ ವಸಂತದಲ್ಲೂ ಈ ಮಾತನ್ನು ಮನೆಮನೆಗೂ ಹೇಳಿಬರುತ್ತಿದ್ದಳು. "ಇವಳ ತವರಿನೋರು ಬರ್ತಿದಾರೆ, ಬಾಗಿಲು ತೆಗೀರಪ್ಪಾ" ಎಂದು ಗಂಡ ಲಾಯ್ಡ್ ಹಿಂದಿನಿಂದ ಛೇಡಿಸುತ್ತಿದ್ದ. ಅವನು ಕಟ್ಟಿದ ಮರದ ಮನೆ ಎಷ್ಟೋ ಪ್ರವಾಹ ಕಂಡಿತ್ತು.

ಲಾಯ್ಡ್ ತೀರಿಕೊಂಡ ಮರುವರ್ಷ ನದಿ ಉಕ್ಕಿದಾಗ ವರ್ನಾ ಸೊಂಟ ಮುರಿದು ಪಟ್ಟಣದ ಆಸ್ಪತ್ರೆಯಲ್ಲಿದ್ದಳು. ಷಿಕಾಗೋದಲ್ಲಿ ಬೆಳೆದ ತಂಗಿಯ ಮಗ ರಸೆಲ್ ಸುದ್ದಿ ಕೇಳಿ ಓಡಿಬಂದು, ಎರಡು ಬಾಗಿಲಿಗೂ ಹಲಗೆ ಬಡಿದು, ಮರಳಿನ ಚೀಲ ಒಟ್ಟಿದ. ಊರಿನವರೆಲ್ಲ ಆಗಲೇ ಗುಡ್ಡ ಹತ್ತಿದ್ದರು. ಬೇಡವೆನ್ನಲು ಯಾರೂ ಇರಲಿಲ್ಲ. ಇಡೀ ಬೀದಿಯಲ್ಲಿ ಆ ಮನೆಯೊಂದೇ ಬುಡ ಕಿತ್ತು ತೇಲಿಹೋಯಿತು.

ವರ್ನಾ ಆಸ್ಪತ್ರೆಯಿಂದ ಗುಡ್ಡದ ಮೇಲಿನ ಬಾಡಿಗೆ ಕೋಣೆಗೆ ಬಂದ ದಿನ ರಸೆಲ್ ನೋಡಲು ಬಂದ. ಅವನ ಅಂಗೈಯ ಬೊಬ್ಬೆಗಳು ಇನ್ನೂ ಮಾಯ್ದಿರಲಿಲ್ಲ.

"ಒಂದು ಸಂದೂ ಬಿಟ್ಟಿರಲಿಲ್ಲ ದೊಡ್ಡಮ್ಮ. ನನ್ನಿಂದ ಏನಾದ್ರೂ ತಪ್ಪಾಯ್ತಾ?"

ಊರಿಗೆಲ್ಲ ಹೇಳಿದ ಮಾತು ವರ್ನಾಳ ಗಂಟಲವರೆಗೂ ಬಂತು. ಲಾಯ್ಡ್ ಬಡಿದ ಒಂದು ಮೊಳೆಯೂ ಅವಳ ಪಾಲಿಗೆ ಉಳಿದಿರಲಿಲ್ಲ.

"ಇಲ್ಲಪ್ಪ," ಎಂದಳು. "ಈ ಸಲದ ನೀರೇ ಹಾಗಿತ್ತು. ಯಾರು ಏನು ಮಾಡಿದ್ರೂ ಹೋಗ್ತಿತ್ತು. ಕೂತ್ಕೋ, ಉಂಡೇ ಹೋಗು."

ರಸೆಲ್ ತಲೆ ತಗ್ಗಿಸಿ ಕೂತ. ವರ್ನಾ ಊರುಗೋಲನ್ನು ಗೋಡೆಗೆ ಒರಗಿಸಿ, ಅವನಿಗೆ ಬೆನ್ನು ಮಾಡಿ ನಿಂತು, ಆಲೂಗಡ್ಡೆಯ ಸಿಪ್ಪೆ ಹೆರೆಯತೊಡಗಿದಳು.