ಎರಡು ವೋಟು, ಮುನ್ನೂರು ಮೈಲಿ

ಶನಿವಾರ ಬೆಳಿಗ್ಗೆ ಆರಕ್ಕೆ ನಮ್ಮೂರು ಓಕ್ ಬ್ರೂಕ್ ಬಿಟ್ಟು, ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಮಲ್ಲುವನ್ನು ಹತ್ತಿಸಿಕೊಂಡೆ. ಹೊರಗೆ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಕೊರೆವ ಚಳಿ. ಮಿಷಿಗನ್‌ನ ಫಾರ್ಮಿಂಗ್ಟನ್ ಹಿಲ್ಸ್‌ಗೆ ಮುನ್ನೂರು ಮೈಲಿ. ಗದಗಿನ ಮಲ್ಲುವಿಗೂ ನನಗೂ ಹದಿನೈದು ವರ್ಷದಿಂದ ಹೋಗೋ ಬಾರೋ ಎನ್ನುವ ಸಲಿಗೆ. ನಮ್ಮ ಕಡೆಯವರೂ ಮಿಷಿಗನ್‌ನವರೂ ಸೇರಿ ಕಟ್ಟಿದ ನಮ್ಮ ಕನ್ನಡ ಸಂಘಕ್ಕೆ ಅಂದು ಚುನಾವಣೆ. ಹತ್ತು ವರ್ಷ ಅಲ್ಲಿ ಕುರ್ಚಿ ಜೋಡಿಸಿದ ನನಗೆ ಒಮ್ಮೆ ಅಧ್ಯಕ್ಷನಾಗುವ ಆಸೆಯಿತ್ತು. ಮುಚ್ಚಿಡುವುದೇಕೆ?

ನಿಯಮ ಬರೆದವರು ಪ್ರಭಾಕರ ಅಂಕಲ್, ಅಮೆರಿಕದ ಚರಿತ್ರೆಯ ಹುಚ್ಚಿನವರು. ಇಲ್ಲಿನ ಮೊದಮೊದಲ ಅಧ್ಯಕ್ಷೀಯ ಚುನಾವಣೆಗಳಲ್ಲಿ ರಾಜ್ಯಗಳು ಆರಿಸಿದ ಒಬ್ಬೊಬ್ಬ ಪ್ರತಿನಿಧಿಗೂ ಎರಡೆರಡು ವೋಟು. ಹೆಚ್ಚು ಬಂದವನು ಅಧ್ಯಕ್ಷ, ಅವನ ನಂತರದವನು ಉಪಾಧ್ಯಕ್ಷ. ಒಮ್ಮೆ ಒಂದೇ ಪಕ್ಷದ ಇಬ್ಬರಿಗೂ ಸರಿಸಮ ಬಿದ್ದಾಗ, ಉಪಾಧ್ಯಕ್ಷನಾಗಬೇಕಿದ್ದವನು ಹಿಂದೆ ಸರಿಯಲಿಲ್ಲ. ಆಮೇಲೆ ಸಂವಿಧಾನವನ್ನೇ ತಿದ್ದಿದರು. ನಮ್ಮ ಅಂಕಲ್ ಸಂಘಕ್ಕೆ ಆ ಎರಡು ವೋಟಿನ ಪದ್ಧತಿಯನ್ನು ತಂದರು, ತಿದ್ದುಪಡಿಯನ್ನು ಬಿಟ್ಟರು.

ಕಾರಿನಲ್ಲೇ ಉಪಾಯ ಮಾಡಿದೆವು. ನಿಂತವರು ನಾವಿಬ್ಬರೇ, ಎಲ್ಲರೂ ನಮ್ಮಿಬ್ಬರ ಹೆಸರೇ ಬರೆಯುವವರು. ಸಮ ಆಗಬಾರದೆಂದು ಮಲ್ಲು ತನ್ನ ಹೆಸರಿನ ಬದಲು ಅಂಕಲ್ ಹೆಸರು ಬರೆಯಬೇಕು. "ಚಿಂತಿ ಬಿಡಪಾ, ಅಧ್ಯಕ್ಷ ನೀನ" ಎಂದು ದಾರಿಯ ಕಲಮಜೂ ಊರಿನ ಬಳಿ ಶೇಂಗಾ ಚಟ್ನಿ ಹಚ್ಚಿದ ಚಪಾತಿ ಕೊಟ್ಟ.

ಮಿಷಿಗನ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದೆ. ಅಂಕಲ್ ಮನೆಯ ಬೇಸ್‌ಮೆಂಟಿನಲ್ಲಿ ಬಿಸಿಬೇಳೆ ಬಾತ್ ಮುಗಿದ ಮೇಲೆ ಚೀಟಿ ಹಂಚಿದರು. ಮಲ್ಲು ಹೆಸರು ಬರೆದೆ. ನನ್ನ ಹೆಸರು ನಾನೇ ಬರೆಯಲು ಕೈ ಬರಲಿಲ್ಲ. ಹಾಳು ದಾಕ್ಷಿಣ್ಯ! ಅಂಕಲ್ ಹೆಸರು ಗೀಚಿ ಮಡಚಿದೆ.

ಅಂಕಲ್ ಎಣಿಸಿದರು. "ಮಲ್ಲುಗೆ ಇಪ್ಪತ್ಮೂರು, ನಿಂಗೆ ಇಪ್ಪತ್ತೆರಡು ಕಣಯ್ಯ. ನಂಗೂ ಯಾರೋ ಒಂದು ಹಾಕಿದಾರಲ್ರಪ್ಪ!"

ಅಲ್ಲಿದ್ದವರೇ ಇಪ್ಪತ್ಮೂರು ಜನ. ಅಂದರೆ ಮಲ್ಲುವಿನ ವೋಟೂ ಮಲ್ಲುವಿಗೇ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಭಾನುವಾರ ಅದೇ ದಾರಿ, ಅದೇ ಕಾರು. ಇಂಡಿಯಾನಾ ಗಡಿಯಲ್ಲಿ, ಹೋಗುವಾಗ ಕಳೆದುಕೊಂಡ ಗಂಟೆ ವಾಪಸು ಬಂತು. ಮಲ್ಲು ಕೇಳಿದ: "ನಿನ್ನ ಹೆಸರು ನೀ ಯಾಕ ಬರೀಲಿಲ್ಲೋ?"

ಅವನೂ ಲೆಕ್ಕ ಹಾಕಿದ್ದ.

"ನೀನ್ಯಾಕೋ ನಿಂದು ಬರ್ದೆ?" ಎಂದೆ.

"ಪೆನ್ನು ಕೈಯಾಗ ಬಂದಮ್ಯಾಲೆ ಆಸೆ ಆತು."

ಎಲ್ಕ್ ಗ್ರೋವ್‌ನಲ್ಲಿ ಅವನ ಮನೆ ಮುಂದೆ ನಿಲ್ಲಿಸಿದೆ. ಬ್ಯಾಗು ಇಳಿಸಿಕೊಂಡು, "ಒಳಗ ಬಾರೋ, ಚಹಾ ಕುಡದು ಹೋಗು" ಎಂದ.

"ಬೇಡ ಬಿಡಿ, ಲೇಟಾಯ್ತು. ನೀವು ನಡೀರಿ" ಎಂದೆ.

ಹದಿನೈದು ವರ್ಷದಲ್ಲಿ ಮೊದಲ ಸಲ ಅವನಿಗೆ ಬಹುವಚನ ಹಚ್ಚಿದ್ದೆ. ನಗಲು ನೋಡಿದ, ಆಗಲಿಲ್ಲ. ತಿರುವಿನಲ್ಲಿ ಕನ್ನಡಿ ನೋಡಿದಾಗ, ಬ್ಯಾಗು ಹಿಡಿದು ಇನ್ನೂ ಅಲ್ಲೇ ನಿಂತಿದ್ದ.